ಚಮಚದಿಂದ ಸುರಿಯದ ರಾಗಿ ಸರಿ: ಮಗುವಿನ ಮೊದಲ ಊಟ ಶುರು ಮಾಡುವುದು ಹೀಗೆ

"ಆರನೇ ತಿಂಗಳು ನಡೀತಿದೆ, ಇನ್ನೂ ಸರಿ ಶುರು ಮಾಡಿಲ್ವಾ?" ಮಗು ನೋಡೋಕೆ ಬಂದವರೆಲ್ಲ ಕೇಳುತ್ತಾರೆ. ಉತ್ತರ ಕೊಡುವ ಮೊದಲು ಲೆಕ್ಕ ನೋಡಿಕೊಳ್ಳಿ. ಆರನೇ ತಿಂಗಳು ನಡೆಯುತ್ತಿದೆ ಎಂದರೆ ಮಗುವಿಗೆ ತುಂಬಿರುವುದು ಐದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ತಿಂಗಳು, ಅಂದರೆ 180 ದಿನ, ತುಂಬಿದ ಮೇಲೆ. ಅಲ್ಲಿಯವರೆಗೆ ಎದೆಹಾಲು ಸಾಕು, ನೀರೂ ಬೇಡ.

ಹೆಣ್ಣುಮಗುವಿಗೆ ಬೆಸ ತಿಂಗಳು, ಗಂಡಿಗೆ ಸಮ ತಿಂಗಳು ಎಂದು ಅನ್ನಪ್ರಾಶನಕ್ಕೆ ಮುಹೂರ್ತ ಇಡುವ ಮನೆಗಳಿವೆ. ಹೆಣ್ಣುಮಗುವಾದರೆ ಐದನೆಯದು ಬೇಡ, ಏಳನೇ ತಿಂಗಳಿಗೆ ಇಡಿಸಿ. ಶಾಸ್ತ್ರವೂ ಉಳಿಯುತ್ತದೆ, ಆರೂ ತುಂಬಿರುತ್ತದೆ. ಗಂಡುಮಗುವಿಗೆ ಎಂಟನೆಯದು ಎಂದರೆ ಮಾತ್ರ ಕಾಯಬೇಡಿ, ಶಾಸ್ತ್ರ ಆಮೇಲೆ ಆಗಲಿ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ, ಎದೆಹಾಲು ಒಂದೇ ಅದನ್ನು ತುಂಬಲಾರದು. ದಿನ ತುಂಬುವ ಮುನ್ನ ಹುಟ್ಟಿದ ಮಗುವಾದರೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರನ್ನೇ ಕೇಳಿ.

ಕ್ಯಾಲೆಂಡರ್ ಜೊತೆ ಮಗುವನ್ನೂ ನೋಡಿ. ಕತ್ತು ನಿಂತಿರಬೇಕು, ಒರಗಿಸಿದರೆ ಕೂರಬೇಕು, ನಿಮ್ಮ ತಟ್ಟೆಗೆ ಕೈ ಚಾಚಬೇಕು.

ಸರಿ ಹಿಟ್ಟು ಮಾಡಿಕೊಳ್ಳುವುದು

ಹಳೇ ಮೈಸೂರು ಕಡೆ ರಾಗಿ ಸರಿ, ಕರಾವಳಿಯಲ್ಲಿ ರಾಗಿ ಮಣ್ಣಿ. ಮಣ್ಣಿಗೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಾರೆ. ಸರಿಗೆ ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿಸುತ್ತಾರೆ. ನಾನು ಮೊಳಕೆಯ ಪಕ್ಷ. ಕಾರಣ ಮುಂದೆ ಹೇಳುತ್ತೇನೆ.

ಮೊದಲ ಸಲಕ್ಕೆ ಅರ್ಧ ಕೆಜಿ ರಾಗಿ ಸಾಕು. ನೀರು ತಿಳಿಯಾಗುವವರೆಗೆ ತೊಳೆದು, ಕಲ್ಲು ಹೋಗುವಂತೆ ಗಾಲಿಸಿ, ರಾತ್ರಿ ನೆನೆಹಾಕಿ. ಬೆಳಗ್ಗೆ ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ. ಹಳೇ ಪಂಚೆಯ ತುಂಡಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯಲ್ಲಿ ಒಂದು ದಿನಕ್ಕೆ, ಚಳಿಯಲ್ಲಿ ಒಂದೂವರೆ ದಿನಕ್ಕೆ ಮೊಳಕೆ ಬರುತ್ತದೆ. ಗಂಟು ಬಿಚ್ಚಿದಾಗ ಕಾಳುಗಳು ಬಿಳಿ ಮೀಸೆಯಿಂದ ಒಂದಕ್ಕೊಂದು ಹೆಣೆದುಕೊಂಡಿರಬೇಕು, ಹಸಿ ಮಣ್ಣಿನಂಥ ಘಮ ಇರಬೇಕು. ಹುಳಿ ವಾಸನೆಯೋ ಮುಗ್ಗಲು ವಾಸನೆಯೋ ಬಂದರೆ ಮುಲಾಜಿಲ್ಲದೆ ಎಸೆಯಿರಿ.

ಇದನ್ನು ಕಲಿತದ್ದು ಒಂದು ಜುಲೈ ತಿಂಗಳ ಮಳೆಯಲ್ಲಿ. ಮೊಳಕೆ ಚೆನ್ನಾಗಿಯೇ ಬಂದಿತ್ತು, ಒಣಗಿಸಲು ಬಿಸಿಲಿಲ್ಲ. ಫ್ಯಾನಿನ ಕೆಳಗೆ ದಪ್ಪಗೆ ಹರಡಿ ಎರಡು ದಿನ ಬಿಟ್ಟೆ. ಮೂರನೇ ದಿನ ನಮ್ಮತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಇದನ್ನ ಕೋಳಿಗೂ ಹಾಕ್ಬೇಡಮ್ಮ" ಅಂದರು. ಮಳೆಗಾಲದಲ್ಲಿ ಪಾವು ರಾಗಿಯಷ್ಟೇ ಕಟ್ಟಿ, ತೆಳ್ಳಗೆ ಹರಡಿ.

ಗರಿಗರಿಯಾಗಿ ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ. ಈಗ ಒಂದು ಹಿಡಿಯಷ್ಟನ್ನು ಬೇರೆ ಎತ್ತಿಟ್ಟು, ಉಳಿದದ್ದನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಬೀಸಿಸಿ. ಗಿರಣಿಗೆ ಹೋದರೆ ಬೇರೆಯವರ ರಾಗಿ ಬೀಸಿದ ಹಿಂದೆಯೇ ಹಾಕಿಸಿ. ಮೆಣಸಿನಕಾಯಿ ಹಿಂದೆ ಹಾಕಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎತ್ತಿಟ್ಟ ಹಿಡಿಯನ್ನು ಹುರಿಯದೆ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಎರಡನ್ನೂ ತೆಳು ಬಟ್ಟೆಯಲ್ಲಿ ಸೋಸಿ, ಬೇರೆ ಬೇರೆ ಒಣ ಡಬ್ಬಿಯಲ್ಲಿಡಿ. ಮಗುವಿಗೆ ಎಂಟು ತಿಂಗಳಾದ ಮೇಲೆ ಬಟ್ಟೆ ಬಿಟ್ಟು ಸಣ್ಣ ಜರಡಿ ಹಿಡಿಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದರಲ್ಲಿ ಸಾಕಷ್ಟು ಪಾಲು ಇರುವುದು ನಾವು ಸೋಸಿ ಚೆಲ್ಲುವ ಸಿಪ್ಪೆಯಲ್ಲಿ.

ಗಟ್ಟಿಯೋ ತೆಳುವೋ

ನಮ್ಮಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿ. ಗಂಟಲಿಗೆ ಸಿಕ್ಕಿಕೊಂಡೀತೆಂಬ ಹೆದರಿಕೆಗೆ ಲೋಟ ನೀರಿಗೆ ಚಮಚ ಹಿಟ್ಟು ಹಾಕಿ ಕುಡಿಸುತ್ತೇವೆ. ಎಂಟು ಕೆಜಿ ತೂಗುವ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಸುಮಾರು 240 ಎಂಎಲ್. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ ಇನ್ನೂ 200 ಕ್ಯಾಲೊರಿಯಷ್ಟು ಊಟದಿಂದ ಬರಬೇಕು. ಒಂದು ದೊಡ್ಡ ಚಮಚ ಹಿಟ್ಟು, ಅಂದರೆ 10 ಗ್ರಾಂ, ಕೊಡುವುದು 32ರಷ್ಟೇ. ನೀರು ಗಂಜಿ ಕುಡಿದ ಮಗುವಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಮೊಳಕೆ ಕೆಲಸಕ್ಕೆ ಬರುವುದು ಈಗ. ಗಂಜಿ ಗಟ್ಟಿಯಾಗುವುದು ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬುವುದರಿಂದ. ಕಾಳು ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಆ ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ಸಡಿಲ ಮಾಡುತ್ತದೆ. ಜೊತೆಗೆ, ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಆದರೆ ಘಮ ಬರುವಂತೆ ಹುರಿದರೆ ಈ ಕಿಣ್ವ ಸಾಯುತ್ತದೆ. ಒಂದು ಹಿಡಿ ಹುರಿಯದೆ ಎತ್ತಿಡಿ ಎಂದದ್ದು ಇದಕ್ಕೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮೊಳಕೆ ರಾಗಿ, ಮೊಳಕೆ ಹೆಸರುಕಾಳಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ರೂಪಿಸಿದ್ದರ ಹಿಂದೆಯೂ ಇದೇ ಗುಟ್ಟಿದೆ.

ಮಾಡುವ ಬಗೆ: ಎರಡು ದೊಡ್ಡ ಚಮಚ ಹುರಿದ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಐದಾರು ನಿಮಿಷ ತಿರುವಿ. ಹಸಿ ವಾಸನೆ ಹೋಗಿ ಹೊಳಪು ಬರಬೇಕು. ತೀರಾ ಗಟ್ಟಿಯೆನಿಸಿದರೆ ನೀರು ಸುರಿಯಬೇಡಿ. ಇಳಿಸಿ, ಬೆರಳು ತಾಳುವಷ್ಟು ಬಿಸಿಗೆ ಬಂದಾಗ ಹುರಿಯದ ಪುಡಿಯನ್ನು ಕಾಲು ಟೀ ಚಮಚ ಉದುರಿಸಿ ಕಲಕಿ. ಎರಡು ಮೂರು ನಿಮಿಷದಲ್ಲಿ ಚಮಚ ಹಗುರಾಗಿ ಆಡುವುದು ಕೈಗೇ ಗೊತ್ತಾಗುತ್ತದೆ. ಹಸಿ ಪುಡಿ ಬಿದ್ದಿರುವುದರಿಂದ ಮತ್ತೆ ಒಂದು ಕುದಿ ಬರಲೇಬೇಕು, ಮರೆಯಬೇಡಿ. ಕೊನೆಗೆ ಒಂದು ಟೀ ಚಮಚ ತುಪ್ಪ ಹಾಕಿದರೆ ಇನ್ನೂ 45 ಕ್ಯಾಲೊರಿ ಸೇರಿತು. ಚಮಚದಲ್ಲಿ ತೆಗೆದು ಓರೆ ಮಾಡಿ ನೋಡಿ: ನೀರಿನಂತೆ ಸುರಿಯಬಾರದು, ಮೆಲ್ಲಗೆ ಜರುಗಬೇಕು. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ. ಜೇನುತುಪ್ಪವಂತೂ ನಾಲಿಗೆಗೆ ಸವರುವಷ್ಟೂ ಬೇಡ; ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ತಿನ್ನಿಸುವುದು

ಮಗು ತೀರಾ ಹಸಿದಿರಬಾರದು, ನಿದ್ದೆಗಣ್ಣಿನಲ್ಲೂ ಇರಬಾರದು. ಬೆಳಗ್ಗೆ ಶುರು ಮಾಡಿದರೆ ಏನಾದರೂ ಅಲರ್ಜಿಯಾದರೂ ಹಗಲಲ್ಲೇ ಗೊತ್ತಾಗುತ್ತದೆ. ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಸುರಿಯುವ ಕಾಲ ಮುಗಿಯಿತು. ಕೂರಿಸಿ, ಎದುರಿಗೆ ಕುಳಿತು, ಸಣ್ಣ ಚಮಚದ ತುದಿಯಲ್ಲಿ ತುಟಿಗೆ ತಾಗಿಸಿ, ಬಾಯಿ ತಾನೇ ತೆರೆಯಲಿ. ಮೊದಲ ದಿನ ಎರಡು ಚಮಚ ಹೋದರೆ ಹಬ್ಬ. ನಾಲಿಗೆಯಿಂದ ಹೊರಗೆ ತಳ್ಳಿದರೆ ಇಷ್ಟವಿಲ್ಲ ಎಂದರ್ಥವಲ್ಲ. ಇಷ್ಟು ದಿನ ಚೀಪಿದ ನಾಲಿಗೆಗೆ ಒಳಗೆಳೆದುಕೊಳ್ಳುವುದು ಹೊಸದು. ನಾಳೆ ಮತ್ತೆ ಕೊಡಿ. ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಎರಡು ಮೂರು ವಾರದಲ್ಲಿ ದಿನಕ್ಕೆ ಎರಡು ಮೂರು ಹೊತ್ತು, ಅರ್ಧ ಬಟ್ಟಲಿನವರೆಗೆ ಬನ್ನಿ. ಎದೆಹಾಲು ನಡೆಯುತ್ತಲೇ ಇರಲಿ. ಎರಡು ಮೂರು ದಿನಕ್ಕೊಂದು ಹೊಸ ಪದಾರ್ಥ ಸೇರಿಸಿ: ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಸಿಹಿಗುಂಬಳ, ಏಲಕ್ಕಿ ಬಾಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ. ರಾಗಿಯೊಂದನ್ನೇ ನಂಬಿ ಕೂರಬೇಡಿ, ಅದರ ಕಬ್ಬಿಣದ ಅಂಶ ಮಗುವಿಗೆ ಸಾಲದು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಎಂಎಲ್ ಕಬ್ಬಿಣದ ಸಿರಪ್ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಹೊಸದೇನಾದರೂ ತಿಂದ ಮೇಲೆ ಮೈಮೇಲೆ ದದ್ದು, ತುಟಿ ಊತ, ಮೇಲಿಂದ ಮೇಲೆ ವಾಂತಿ ಆದರೆ ಅದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಿ. ಇಡೀ ಕಡಲೇಬೀಜ, ಇಡೀ ದ್ರಾಕ್ಷಿ ಕೈಗೆ ಸಿಗದಂತಿಡಿ.

ಎಂಟನೇ ತಿಂಗಳು ತುಂಬಿದ ಮೇಲೆ ಮಿಕ್ಸಿಗೆ ರಜೆ ಕೊಡಿ, ಕೈಯಲ್ಲಿ ಕಿವುಚಿದರೆ ಸಾಕು. ಮುದ್ದೆ ಮಾಡುವ ದಿನ ಉಪ್ಪಿಲ್ಲದ ಮುದ್ದೆಯಿಂದ ನೆಲ್ಲಿಕಾಯಿಯಷ್ಟು ಮುರಿದುಕೊಳ್ಳಿ. ಸಾರಿಗೆ ಖಾರ ಹಾಕುವ ಮುಂಚೆಯೇ ಬೆಂದ ಬೇಳೆಕಟ್ಟನ್ನು ಬೇಳೆಯ ಸಮೇತ ಒಂದು ಬಟ್ಟಲು ಎತ್ತಿಟ್ಟು, ಅದರಲ್ಲೇ ಕಿವುಚಿ ಕೊಡಿ.