ಡೆನ್ಮಾರ್ಕ್‌ಗೆ ಹೊರಟಿದ್ದೀರಾ? ಪೇಡಾ ಬಿಟ್ಟು ಹೋಗಿ, ತಾರೀಕು ಹಾಕಿಕೊಂಡು ಬದುಕಲು ಕಲಿಯಿರಿ

ನಾನು ಧಾರವಾಡದ ಸಪ್ತಾಪುರದವಳು. ಕೋಪನ್‌ಹೇಗನ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದೆ. ಹುಬ್ಬಳ್ಳಿ, ಗದಗ ಕಡೆಯ ಹುಡುಗರು ಅಲ್ಲಿಗೆ ಹೊರಟಾಗ ನನಗೆ ಫೋನ್ ಮಾಡುತ್ತಾರೆ. "ಅಕ್ಕಾರ, ಬ್ಯಾಗಿನ್ಯಾಗ ಏನ್ ತುಂಬಲಿ?" ಅನ್ನುವುದೇ ಎಲ್ಲರ ಪ್ರಶ್ನೆ.

ಆ ಮಾತು ಬೇಗ ಮುಗಿಯುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬ್ಯಾಡಗಿ ಖಾರದ ಪುಡಿ ಒಯ್ಯಿರಿ. ಪೇಡಾ, ತುಪ್ಪ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಕೊಡೆಯೂ ಬೇಡ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯೇ ಅಲ್ಲೂ, ಆದರೆ ಗಾಳಿ ಜಾಸ್ತಿ. ಟೊಪ್ಪಿಗೆ ಇರುವ ಒಳ್ಳೆ ರೇನ್‌ಕೋಟ್ ಅಲ್ಲೇ ಕೊಳ್ಳಿ.

ಇಳಿದ ಮೇಲೆ ಮೊದಲ ಕೆಲಸ ಸಿಪಿಆರ್ ನಂಬರ್, ಅಂದರೆ ಅಲ್ಲಿನ ಸರ್ಕಾರ ಪ್ರತಿಯೊಬ್ಬ ನಿವಾಸಿಗೂ ಕೊಡುವ ಗುರುತಿನ ಸಂಖ್ಯೆ. ಅದು 10 ಅಂಕಿ, ಮೊದಲ 6 ನಿಮ್ಮ ಹುಟ್ಟಿದ ತಾರೀಕು. ಅದಿಲ್ಲದೆ ಹಳದಿ ಹೆಲ್ತ್ ಕಾರ್ಡ್ ಇಲ್ಲ, ಮಿಟ್‌ಐಡಿ ಅನ್ನುವ ಡಿಜಿಟಲ್ ಗುರುತೂ ಇಲ್ಲ, ಬ್ಯಾಂಕಿನ ಕೆಲಸವೂ ನಿಂತಲ್ಲೇ ನಿಲ್ಲುತ್ತದೆ. ಸಿಪಿಆರ್‌ಗೆ ವಿಳಾಸ ಬೇಕು. ಹಾಗಾಗಿ ಮನೆ ನೋಡುವಾಗಲೇ "ಈ ವಿಳಾಸಕ್ಕೆ ಸಿಪಿಆರ್ ಮಾಡಿಸಬಹುದಾ?" ಅಂತ ಕೇಳಿ, ಇಲ್ಲ ಅಂದರೆ ಎಷ್ಟೇ ಅಗ್ಗ ಇದ್ದರೂ ಆ ಮನೆ ಬಿಟ್ಟುಬಿಡಿ. 3 ತಿಂಗಳ ಬಾಡಿಗೆಯಷ್ಟು ಡಿಪಾಸಿಟ್, ಅದರ ಮೇಲೆ ಇನ್ನೂ 3 ತಿಂಗಳ ಮುಂಗಡ ಬಾಡಿಗೆ ಕೇಳಲು ಅಲ್ಲಿನ ಕಾನೂನಿನಲ್ಲೇ ಅವಕಾಶ ಇದೆ, ಅಷ್ಟು ದುಡ್ಡು ಕೈಯಲ್ಲಿರಲಿ. ಮನೆಗೆ ಹೋದ 2 ವಾರದೊಳಗೆ ಗೋಡೆಯ ಗೀರು, ನೆಲದ ಕಲೆ ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಬರೆದು ಕಳಿಸಿ. ನಾನು ಕಳಿಸಲಿಲ್ಲ. ಮನೆ ಬಿಡುವಾಗ ಹಳೇ ಗೀರಿನ ದುಡ್ಡೂ ನನ್ನ ಡಿಪಾಸಿಟ್‌ನಲ್ಲೇ ಹೋಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅಂತ ತಿಳಿಸುವ ಟ್ಯಾಕ್ಸ್ ಕಾರ್ಡನ್ನೂ ಬೇಗ ಮಾಡಿಸಿ, ಇಲ್ಲದಿದ್ದರೆ 55% ತೆರಿಗೆ ಹಿಡಿಯುತ್ತಾರೆ.

ಸೈಕಲ್ ಕೊಳ್ಳಿ. ನಿಲ್ಲುವ ಮುಂಚೆ ಕೈ ಮೇಲೆ ಎತ್ತಬೇಕು, ತಿರುಗುವ ಮುಂಚೆ ಆ ಕಡೆ ಕೈ ಚಾಚಬೇಕು. ಅಲ್ಲಿ ರಸ್ತೆಯ ಬಲಬದಿಗೆ ಹೋಗುವುದು. ಎಡಕ್ಕೆ ತಿರುಗಬೇಕಾದರೆ ಸರ್ಕಲ್ ನಡುವೆ ನುಗ್ಗುವಂತಿಲ್ಲ: ನೇರ ದಾಟಿ, ಆಚೆ ಬದಿಗೆ ನಿಂತು, ಆಮೇಲೆ ಎಡಕ್ಕೆ.

ಇನ್ನು ಜನ. ನಿಜವಾದ ಕಷ್ಟ ಇಲ್ಲೇ ಇದೆ. ನಮ್ಮಲ್ಲಿ ಸಂಜೆ ಯಾರಾದರೂ ಬಾಗಿಲಲ್ಲಿ ನಿಂತು "ಅದೀರೇನ್ರಿ?" ಅಂದರೆ ಸಾಕು, ಚಹಾ ಇಟ್ಟೇ ಬಿಡುತ್ತೇವೆ, ಅಲ್ವಾ? ಅಲ್ಲಿ ಹಾಗೆ ಹೋಗಬೇಡಿ. ನನ್ನ ಮೊದಲ ಡಿಸೆಂಬರ್‌ನಲ್ಲಿ, ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರೂವರೆ ಸುಮಾರಿಗೆ ಮುಳುಗಿಬಿಡುವ ಆ ದಿನಗಳಲ್ಲಿ, ಆಫೀಸಿನವರನ್ನು ಬಿಟ್ಟರೆ ನನ್ನ ಜೊತೆ ಮಾತಾಡಲು ಒಬ್ಬರೂ ಇರಲಿಲ್ಲ. ಈ ಜನಕ್ಕೆ ಅಂತಃಕರಣವೇ ಇಲ್ಲ ಅಂದುಕೊಂಡೆ. ತಪ್ಪು ತಿಳಿದಿದ್ದೆ. ಅವರು ಮನೆಗೆ ಕರೆಯುತ್ತಾರೆ, ಆದರೆ ಎರಡು ಮೂರು ವಾರ ಮುಂಚೆ ತಾರೀಕು ಗೊತ್ತು ಮಾಡುತ್ತಾರೆ, ಗೊತ್ತು ಮಾಡಿದ ಮೇಲೆ ಆ ಸಂಜೆ ಪೂರ್ತಿ ನಿಮಗೇ ಕೊಡುತ್ತಾರೆ.

ಆರು ಗಂಟೆ ಅಂದರೆ ಆರಕ್ಕೇ ಹೋಗಿ. ಚಪ್ಪಲಿ ಬಾಗಿಲಲ್ಲೇ ಬಿಡಿ, ಅದು ನಮ್ಮ ಹಾಗೇ. ಊಟಕ್ಕೆ ಕೂತಾಗ ಸಂಕೋಚಕ್ಕೆ "ಸಾಕು" ಅನ್ನಬೇಡಿ. ಅವರು ಸಾಕು ಅಂತಲೇ ತಿಳಿಯುತ್ತಾರೆ, ನಮ್ಮ ಅವ್ವಂದಿರ ಹಾಗೆ ಒತ್ತಾಯ ಮಾಡಿ ಬಡಿಸುವುದಿಲ್ಲ. ಊಟ ಆದ ಮೇಲೆ "ತಕ್ ಫಾರ್ ಮಾದ್" ಅನ್ನಿ, ಊಟಕ್ಕೆ ಧನ್ಯವಾದ ಅಂತ. ಮುಂದೆ ಎಲ್ಲಾದರೂ ಸಿಕ್ಕಾಗ "ತಕ್ ಫಾರ್ ಸಿಸ್ಟ್", ಅಂದರೆ ಹೋದ ಸಲ ಸಿಕ್ಕಿದ್ದಕ್ಕೆ ಧನ್ಯವಾದ. ಈ ಎರಡು ಮಾತಿಗೆ ಅವರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಆಫೀಸಿನಲ್ಲಿ ಬಾಸ್‌ನನ್ನೂ ಹೆಸರು ಹಿಡಿದೇ ಕರೆಯಬೇಕು. ಮಾತಿಗೊಮ್ಮೆ "ರೀ" ಹಚ್ಚುವ ನಮಗೆ ಮೊದಮೊದಲು ನಾಲಿಗೆ ಏಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ. ನಿಮ್ಮ ಹುಟ್ಟುಹಬ್ಬಕ್ಕೆ ಕೇಕ್ ನೀವೇ ಒಯ್ಯಿರಿ.

ಗೆಳೆಯರು ಬೇಕಾದರೆ ಒಂದು ಫೊರೆನಿಂಗ್ ಸೇರಿ. ಅಂದರೆ ಸಂಘ. ಆಟ, ಹಾಡು, ತೋಟ, ಎಲ್ಲಕ್ಕೂ ಅಲ್ಲಿ ಸಂಘ ಇರುತ್ತದೆ. ನಾನು ಮಂಗಳವಾರದ ಬ್ಯಾಡ್ಮಿಂಟನ್ ಸೇರಿದೆ, ವಾರ ವಾರ ಅದೇ ಮುಖ ನೋಡಿ ನೋಡಿಯೇ ಗೆಳೆತನ ಆಯಿತು. ಅಷ್ಟರವರೆಗೆ ಕಾಯಲು ಆಗದಿದ್ದರೆ ಕೋಪನ್‌ಹೇಗನ್‌ನ ವೆಸ್ಟರ್‌ಬ್ರೋದಲ್ಲಿರುವ ಅಬ್ಸಲಾನ್‌ಗೆ ಹೋಗಿ. ಅದು ಮೊದಲು ಚರ್ಚ್ ಆಗಿತ್ತು. ಈಗ ಸಂಜೆ ಉದ್ದನೆಯ ಮೇಜುಗಳಲ್ಲಿ ಗುರುತಿಲ್ಲದವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ, ಪಕ್ಕದವರಿಗೆ ತಾವೇ ಬಡಿಸುತ್ತಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಪ್ರಸಾದಕ್ಕೆ ಕೂತ ಹಾಗೇ ಅನಿಸಿ ನನಗೆ ಕಣ್ಣು ತುಂಬಿತ್ತು.

ಆಮೇಲೆ ನಿಮ್ಮ ಸರದಿ. ಭಾರತೀಯ ದಿನಸಿ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕಿ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ 12 ಆದಾಗ ನಮ್ಮಲ್ಲಿ ಸಂಜೆ 4:30, ಆಗ ಅವ್ವನಿಗೆ ವಿಡಿಯೋ ಕಾಲ್ ಮಾಡಿ ರೊಟ್ಟಿ ಬಡಿಯುವುದನ್ನು ಇನ್ನೊಮ್ಮೆ ನೋಡಿಕೊಳ್ಳಿ. ರೊಟ್ಟಿ, ಎಣಗಾಯಿ ಮಾಡಿ ಆ ಬ್ಯಾಡ್ಮಿಂಟನ್‌ನವರನ್ನು ಊಟಕ್ಕೆ ಕರೆಯಿರಿ. ಮೂರು ವಾರ ಮುಂಚೆ ಹೇಳಿ. ಖಾರ ಅರ್ಧಕ್ಕರ್ಧ ಕಡಿಮೆ ಹಾಕಿ.