ಬೋರ್‌ವೆಲ್ ನೀರಿನ ಊರಲ್ಲಿ ವಯೋಲಾ ಬೆಳೆದದ್ದು

ವಯೋಲಾ ಊಟಿ ಗಿಡ, ಚಿಕ್ಕಬಳ್ಳಾಪುರಕ್ಕೆ ಬರಲ್ಲ ಅನ್ನುವವರೇ ಜಾಸ್ತಿ. (ಪಿಟೀಲಿಗಿಂತ ತುಸು ದೊಡ್ಡ ವಾದ್ಯಕ್ಕೂ ಇದೇ ಹೆಸರು. ನಾನು ಹೇಳುತ್ತಿರುವುದು ಪ್ಯಾನ್ಸಿ ಜಾತಿಯ ಪುಟ್ಟ ಹೂವಿನ ವಿಷಯ.) ಬರುತ್ತದೆ. ನಂದಿಬೆಟ್ಟದ ಆಸುಪಾಸಿನ ಚಳಿ ಅದಕ್ಕೆ ಧಾರಾಳ ಸಾಕು. ಕಾಡುವುದು ನಮ್ಮ ನೀರು.

ದಸರಾ ಹೊತ್ತಿಗೆ ಪ್ರೋಟ್ರೇಯಲ್ಲಿ (ಸಸಿ ಎಬ್ಬಿಸುವ ಗುಳಿ ಗುಳಿಯ ಪ್ಲಾಸ್ಟಿಕ್ ತಟ್ಟೆ) ಬೀಜ ಹಾಕುತ್ತೇನೆ. ಮೊಳಕೆಗೆ 18ರಿಂದ 21 ಡಿಗ್ರಿ ಬೇಕು, 25 ದಾಟಿದರೆ ಬೀಜ ಮುಷ್ಕರ ಹೂಡುತ್ತದೆ. ಕತ್ತಲೂ ಬೇಕು. ಅದಕ್ಕೇ ತೆಳುವಾಗಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುಚ್ಚಿ, ಮನೆಯ ತಂಪು ಮೂಲೆಯಲ್ಲಿ ಒದ್ದೆ ಗೋಣಿಚೀಲದಡಿ ಇಡುತ್ತೇನೆ. ಎರಡು ವಾರದೊಳಗೆ ಮೊಳಕೆ ಇಣುಕುತ್ತದೆ. ಅವತ್ತೇ ಗೋಣಿ ತೆಗೆದು ಶೇಡ್‌ನೆಟ್ ಕೆಳಗೆ ಸಾಗಿಸಬೇಕು, ತಡವಾದರೆ ಸಸಿ ಸೊರಗಿ ಉದ್ದವಾಗುತ್ತದೆ.

ಈಗ ನೀರು. ಆಳದ ಬೋರಿನ ನಮ್ಮ ನೀರು ಗಡಸು, ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪೊರೆ ಕಟ್ಟುತ್ತದೆ. ವಯೋಲಾಗೆ ಬೇಕಾದದ್ದು ತುಸು ಹುಳಿ ಮಣ್ಣು, ಪಿಎಚ್ 5.5ರಿಂದ 6. (ಪಿಎಚ್ ಅಂದರೆ ಹುಳಿಯ ಅಳತೆ, 7ರಿಂದ ಕೆಳಗಿಳಿದಷ್ಟೂ ಹುಳಿ ಜಾಸ್ತಿ.) ಬೋರಿನ ನೀರನ್ನೇ ಹಾಕುತ್ತಾ ಹೋದರೆ ಎಳೆಯ ಎಲೆಗಳ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿ ತಿರುಗುತ್ತದೆ. ಗಡಸು ನೀರು ಮಣ್ಣಿನ ಹುಳಿ ಕಳೆಯುವುದರಿಂದ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಇಡಿಟಿಎ ಕಬ್ಬಿಣ (ಬೇರಿಗೆ ದಕ್ಕುವಂತೆ ಇಡಿಟಿಎ ಎಂಬ ರಾಸಾಯನಿಕಕ್ಕೆ ಕಟ್ಟಿದ ಕಬ್ಬಿಣ) ಕೊಡುತ್ತಾರೆ, ಆದರೆ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಅದರ ಆಟ ಹೆಚ್ಚು ನಡೆಯುವುದಿಲ್ಲ. ಮೊದಲು ನೀರನ್ನೇ ಸರಿಮಾಡಬೇಕು. ಹಿಂಗಾರಿನಲ್ಲಿ ಸೂರಿನ ನೀರನ್ನು ಡ್ರಮ್ಮಿಗೆ ಹಿಡಿದಿಡುತ್ತೇನೆ, ಸಸಿಗಳಿಗೆ ಅದೇ. ಅದು ಮುಗಿದ ಮೇಲೆ ಬೋರಿನ ನೀರಿಗೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಚಿಟಿಕೆ ಚಿಟಿಕೆಯಾಗಿ ಕದಡಿ, ಪಿಎಚ್ ಪೇಪರ್ 6ರ ಹತ್ತಿರ ತೋರಿಸುವಾಗ ನಿಲ್ಲಿಸುತ್ತೇನೆ. ಇದಕ್ಕೆ ಸಿದ್ಧ ಲೆಕ್ಕ ಕೇಳಬೇಡಿ, ಒಂದೊಂದು ಬೋರಿನ ನೀರೂ ಒಂದೊಂದು ಥರ. ಕೋಕೋಪೀಟನ್ನೂ ಎರಡು ಮೂರು ನೀರಲ್ಲಿ ತೊಳೆದು ಉಪ್ಪು ಬಿಡಿಸಿಯೇ ಬಳಸುತ್ತೇನೆ.

ಉಳಿದದ್ದು ಸಲೀಸು. ನಾಲ್ಕೈದು ಎಲೆ ಬಂದಾಗ ಕುಂಡಕ್ಕೆ, ಬೆಳಗಿನ ಬಿಸಿಲಿಗೆ. ಸಂಕ್ರಾಂತಿ ಹೊತ್ತಿಗೆ ಹೂ. ಕೆಳಗಿನ ಎಸಳಿನ ಕಪ್ಪು ಗೆರೆಗಳು ಜೇನ್ನೊಣಕ್ಕೆ ಮಕರಂದದ ದಾರಿ ತೋರುತ್ತವೆ. ಮಕರಂದ ಇರುವುದು ಹೂವಿನ ಹಿಂದಿನ ಮೊನಚು ಚೀಲದಲ್ಲಿ. ಬಾಡಿದ ಹೂವನ್ನು ತೊಟ್ಟು ಸಮೇತ ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುವುದು ನಿಲ್ಲುವುದೇ ಇಲ್ಲ. ನಮ್ಮ ಹೊಲದ ಬದುಗಳಲ್ಲಿ ಒಂದೇ ದೊಡ್ಡ ನೇರಳೆ ಎಸಳು ಚಾಚಿಕೊಂಡು ನಿಲ್ಲುವ ಪುರುಷರತ್ನವೂ ಇದೇ ಕುಟುಂಬದ್ದು. ಅದಕ್ಕೆ ಇಷ್ಟೆಲ್ಲ ಉಪಚಾರ ಬೇಡ.

ಶಿವರಾತ್ರಿ ಕಳೆದು ಬಿಸಿಲೇರಿದರೆ ಕಾಂಡ ಜೋಲುತ್ತದೆ, ಹೂ ಕಿರಿದಾಗುತ್ತದೆ. ಆಗ ಉಳಿಸಿಕೊಳ್ಳಲು ಒದ್ದಾಡದೆ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಹೈಬ್ರಿಡ್ ಬೀಜವಾದ್ದರಿಂದ ಕಾಯಿ ಉಳಿಸಿಕೊಂಡರೂ ಅದೇ ಬಣ್ಣ ಬರುವ ಖಾತ್ರಿಯಿಲ್ಲ. ಪಕ್ಕದ ತೋಟದ ಸೇವಂತಿ ಬೆಳೆಗಾರರು ಇದನ್ನು ನೋಡಿ ‘ಕೆಜಿಗೆ ಎಷ್ಟು?’ ಅಂತ ನಗುತ್ತಾರೆ. ಮಾರಿನ ಲೆಕ್ಕಕ್ಕೂ ಮಾಲೆಗೂ ಆಗದ ಹೂವು, ಕುಂಡದ ಲೆಕ್ಕದಲ್ಲಿ ಬೆಂಗಳೂರಿನ ನರ್ಸರಿಗೆ ಹೋದರಷ್ಟೇ ಕಾಸು.