ಬೈಕ್ ಮೈಲೇಜ್ ಇಳಿದಿದೆಯೇ? ಕಾರ್ಬ್ಯುರೇಟರ್ ಮುಟ್ಟುವ ಮೊದಲು ಚಕ್ರ ತಿರುಗಿಸಿ ನೋಡಿ

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ 100 ಸಿಸಿ ಬೈಕ್ ಮೈಲೇಜ್ ಕೊಡುತ್ತಿಲ್ಲ ಎಂದರೆ ಸಾಕು, ಸ್ಕ್ರೂಡ್ರೈವರ್ ನೇರವಾಗಿ ಅದಕ್ಕೇ ಹೋಗುತ್ತದೆ. ಕಾರ್ಬ್ಯುರೇಟರ್ ಮುಟ್ಟುವುದು ಕಟ್ಟಕಡೆಗೆ ಮಾಡಬೇಕಾದ ಕೆಲಸ.

ಮೊದಲು ಅಳೆಯಿರಿ. ಬಂಕ್‌ನಲ್ಲಿ ಮೇನ್ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಕುತ್ತಿಗೆಯ ಕೆಳಅಂಚಿನವರೆಗೆ ಪೆಟ್ರೋಲ್ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. 200 ಕಿ.ಮೀ. ಓಡಿಸಿದ ಮೇಲೆ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. ಓಡಿದ ದೂರವನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿಯೇ ಸ್ವಲ್ಪ ಕಡಿಮೆ. ಅಷ್ಟು ಇಳಿಕೆಗೆ ಬೈಕನ್ನು ದೂರಬೇಡಿ.

ಇನ್ನು ಮೇನ್ ಸ್ಟ್ಯಾಂಡ್ ಮೇಲೆ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಉಜ್ಜುವ ಸದ್ದು ಬಂದು ಬೇಗ ನಿಂತರೆ ಬ್ರೇಕ್ ಹಿಡಿದಿದೆ. ಬ್ರೇಕ್ ರಾಡಿನ ನಟ್ ಅರ್ಧ ಸುತ್ತು ಸಡಿಲಿಸಿ. ಪೆಡಲಿನಲ್ಲಿ 20–30 ಮಿ.ಮೀ. ಆಟ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವಷ್ಟು ಸಡಿಲ) ಇರಲಿ. ಸಡಿಲಿಸಿದರೂ ಬಿಡದಿದ್ದರೆ ಡ್ರಮ್ಮಿನೊಳಗೆ ಬ್ರೇಕ್ ಲೈನರನ್ನು ತಳ್ಳುವ ಕ್ಯಾಮ್ ತುಕ್ಕು ಹಿಡಿದಿರಬಹುದು. ಬಿಚ್ಚಿ ಉಜ್ಜಿ, ತೆಳ್ಳಗೆ ಗ್ರೀಸ್ ಹಚ್ಚಿ. ಬ್ರೇಕ್ ಲೈನರಿಗೆ ಮಾತ್ರ ಗ್ರೀಸ್ ತಾಗಬಾರದು. ಚೈನಿನ ಕೆಳಭಾಗ ಮಧ್ಯದಲ್ಲಿ 20–30 ಮಿ.ಮೀ. ಆಡಬೇಕು, ಅದೂ ಚಕ್ರ ತಿರುಗಿಸುತ್ತಾ ಅತಿ ಬಿಗಿಯಾಗುವ ಜಾಗದಲ್ಲಿ ಅಳೆದಾಗ.

ಕ್ಲಚ್ ಲಿವರಿನ ತುದಿಯಲ್ಲಿ 10–20 ಮಿ.ಮೀ. ಆಟ ಬೇಕೇ ಬೇಕು. ಇಲ್ಲದಿದ್ದರೆ ಕ್ಲಚ್ಚಿನೊಳಗಿನ ಪ್ಲೇಟುಗಳು ಜಾರುತ್ತವೆ: ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ.

ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮೊದಲೇ ನೋಡಿ. ಈ ವರ್ಗದ ಹಲವು ಬೈಕುಗಳಿಗೆ ಒಬ್ಬರೇ ಕೂತಾಗ ಮುಂದೆ 25, ಹಿಂದೆ 28 ಪಿಎಸ್‌ಐ. ಹಿಂದೆ ಇನ್ನೊಬ್ಬರಿದ್ದರೆ ಹೆಚ್ಚು. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ತಿಳಿ ಕಂದು ಬಣ್ಣವಿದ್ದರೆ ಪೆಟ್ರೋಲ್-ಗಾಳಿಯ ಮಿಶ್ರಣ ಸರಿಯಿದೆ, ಕಾರ್ಬ್ಯುರೇಟರ್ ಸುದ್ದಿಗೆ ಹೋಗಬೇಡಿ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ: ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ ನೋಡಿ. ಎಣ್ಣೆ ಹೀರಿದ ಪೇಪರ್ ಫಿಲ್ಟರನ್ನು ತೊಳೆಯಲೂ ಬಾರದು, ಗಾಳಿ ಊದಲೂ ಬಾರದು, ಹೊಸದು ಹಾಕಿ.

ಇವೆಲ್ಲ ಸರಿಯಿದ್ದೂ ಮಸಿ ಕಟ್ಟುತ್ತಿದ್ದರೆ ಮಾತ್ರ ಕಾರ್ಬ್ಯುರೇಟರ್. ಮಿಶ್ರಣದ ಸ್ಕ್ರೂ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು, ಬಿಚ್ಚಿದಷ್ಟೂ ಪೆಟ್ರೋಲ್ ಪಾಲು ಇಳಿಯುತ್ತದೆ; ಇಂಜಿನ್ ಕಡೆಗಿದ್ದರೆ ಬಿಚ್ಚಿದಷ್ಟೂ ಏರುತ್ತದೆ. ಪೆಟ್ರೋಲ್ ಪಾಲು ಇಳಿಯುವ ಕಡೆಗೆ ಕಾಲು ಸುತ್ತಿನಂತೆ ತಿರುಗಿಸಿ, ಮತ್ತೆ ಟ್ಯಾಂಕ್ ತುಂಬಿಸಿ ಅಳೆಯಿರಿ. ಪ್ಲಗ್ ಬೆಳ್ಳಗಾಗತೊಡಗಿದರೆ ಹಿಂದಕ್ಕೆ ಬನ್ನಿ. ಪೆಟ್ರೋಲ್ ತೀರಾ ಕಡಿಮೆಯಾದರೆ ಇಂಜಿನ್ ಕಾಯುತ್ತದೆ, ಪಿಕಪ್ ಬೀಳುತ್ತದೆ, ಆಗ ಆಕ್ಸಲರೇಟರ್ ಹೆಚ್ಚು ತಿರುಗಿಸಿ ಉಳಿಸಿದ್ದನ್ನೆಲ್ಲ ಅಲ್ಲೇ ಸುಡುತ್ತೀರಿ.